ಕಿಟಕಿಯ ಹೊರಗೆ ಎರಡು ಪೌಂಡು

ಟೈಪ್ ಮಾಡಿದ ಕಾಗದಕ್ಕೆ ಮಾತ್ರ ಸರ್ಕಾರ ಉತ್ತರ ಬರೆಯುತ್ತದೆ ಎಂದು ಆಗ ನಮ್ಮ ಕಡೆ ಎಲ್ಲರೂ ನಂಬಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತು. ಅದಕ್ಕೆ ಮೊದಲು ಸರ್ಕಾರ ಮಡಿಕೇರಿಯಲ್ಲಿತ್ತು. ಬೇಕಾದವರು ಬಸ್ಸು ಹತ್ತಿ ಹೋಗಿ, ಎದುರು ನಿಂತು ಮಾತಾಡಿ, ಸಂಜೆಗೆ ಮನೆಗೆ ಬರುತ್ತಿದ್ದರು. ಈಗ ಅದು ಬೆಂಗಳೂರಿಗೆ ಹೋಗಿತ್ತು. ಅಷ್ಟು ದೂರದ ಸರ್ಕಾರಕ್ಕೆ ಕೈಬರಹ ಕಾಣಿಸುವುದಿಲ್ಲ ಎಂದು ಜನ ತೀರ್ಮಾನ ಮಾಡಿಕೊಂಡಿದ್ದರು.

ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಚಿಕ್ಕ ರೈಟರ್ ಆಗಿ ಸೇರಿದ್ದೆ. ರೈಟರ್ ಎಂದರೆ ಗುಮಾಸ್ತ. ಬರೆಯುವುದಕ್ಕಿಂತ ಬೈಸಿಕೊಳ್ಳುವುದು ಹೆಚ್ಚು. ಎಸ್ಟೇಟ್ ಆಫೀಸಿನಲ್ಲಿ ಕೂತವನು ನಗುವುದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ಒದ್ದೆ ಕೊಡೆ ಹಿಡಿದುಕೊಂಡು ದಿನಾ ತಾನೇ ಒಳಗೆ ಬರುತ್ತದೆ. ಅಂಥ ಕೆಲವನ್ನು ಬರೆದಿಡಲು ಕಾರಣ ಒಂದು ಟೈಪ್‌ರೈಟರ್, ಮತ್ತು ಅದರ ಹಿಂದೆ ಕೂರುತ್ತಿದ್ದ ಮನುಷ್ಯ.

ಕಲ್ಲು

ಟೈಪ್‌ರೈಟರು ತೋಟದ ಜೊತೆಗೇ ಬಂದದ್ದು. ಇಂಗ್ಲಿಷ್ ದೊರೆ ತೋಟ ಮಾರಿ ಹಡಗು ಹತ್ತುವಾಗ ನಾಯಿಯನ್ನು ಕರೆದುಕೊಂಡು ಹೋದ, ಇದನ್ನು ಬಿಟ್ಟು ಹೋದ. ಎರಡನ್ನೂ ನೋಡಿದವರು, ಅವನ ಆಯ್ಕೆ ಸರಿ ಎನ್ನುತ್ತಿದ್ದರು.

ಅಕ್ಷರ ಒತ್ತಿದ ಹಾಗೆ ಮೇಲಿನ ಗಾಡಿ ಎಡಕ್ಕೆ ಸರಿಯಬೇಕಲ್ಲ, ಅದನ್ನು ಎಳೆಯುವ ಸ್ಪ್ರಿಂಗ್ ಎಂದೋ ಮುರಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಯಂತ್ರವನ್ನು ಮೂಲೆಗೆ ಹಾಕುತ್ತಿದ್ದರು. ನಮ್ಮ ದೊಡ್ಡ ರೈಟರ್ ಗಾಡಿಗೆ ಒಂದು ಹುರಿ ಕಟ್ಟಿದರು. ಹುರಿಯನ್ನು ಕಿಟಕಿಯ ಚೌಕಟ್ಟಿಗೆ ಹೊಡೆದ ದರ್ಜಿಯ ಖಾಲಿ ನೂಲಿನ ಉರುಳೆಯ ಮೇಲೆ ಹಾಯಿಸಿ, ಹೊರಗೆ ಜಗಲಿಯ ಕಡೆ ಎರಡು ಪೌಂಡಿನ ಕಬ್ಬಿಣದ ತೂಕದ ಕಲ್ಲನ್ನು ನೇತುಹಾಕಿದರು. ಒಳಗೆ ಅಕ್ಷರ ಬಿದ್ದ ಹಾಗೆ ಹೊರಗೆ ಕಲ್ಲು ಇಳಿಯುತ್ತಿತ್ತು. ಸಾಲು ಮುಗಿದಾಗ ಅವರು ಗಾಡಿಯನ್ನು ಬಲಕ್ಕೆ ತಳ್ಳಿದರೆ ಕಲ್ಲು ಬಾವಿಯ ಕೊಡದ ಹಾಗೆ ಮೇಲೆ ಬರುತ್ತಿತ್ತು.

ದೊಡ್ಡ ರೈಟರ್ ಪುತ್ತೂರಿನ ಕಡೆಯವರು, ಎಂಟನೆಯ ತರಗತಿ ಓದಿದವರು. ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದರು. ನಾನು ಟೈಪಿಂಗ್ ಹೈಯರ್ ಪಾಸಾದವನು. ಮೊದಲ ದಿನ ಕಲ್ಲು ನೋಡಿ, "ಇದು ಯಾವ ಸಿದ್ಧಾಂತದ ಮೇಲೆ ನಡೆಯುತ್ತೆ ಗೊತ್ತಾ ನಿಮಗೆ?" ಎಂದು ಕೇಳಿದೆ.

"ಗೊತ್ತಿಲ್ಲ ಮಾರಾಯ," ಎಂದರು. "ಗೊತ್ತಾದ್ರೆ ನಿಲ್ತದಾ ಅಂತ ಹೆದ್ರಿಕೆ."

ಜಗಲಿಯ ಓದುಗರು

ಆ ಜಗಲಿಯಲ್ಲಿ ಲೈನ್ ಮನೆಗಳ ಕೂಲಿ ಜನ ಯಾವಾಗಲೂ ಕಾಯುತ್ತ ಕೂತಿರುತ್ತಿದ್ದರು. ಒಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಎಲ್ಲರಿಗೂ ಕಲ್ಲು ಓದಲು ಬರುತ್ತಿತ್ತು. ಕಲ್ಲು ನಾಲ್ಕು ಸಲ ಏರಿದರೆ ಯಾರನ್ನೋ ಕೆಲಸದಿಂದ ತೆಗೆದರು. ಆರು ಸಲಕ್ಕೆ ಗೊಬ್ಬರದ ಅಂಗಡಿಗೆ ಕಾಗದ. ಹತ್ತು ದಾಟಿದರೆ ಕಾಫಿ ಕಂಪನಿಯವರ ಜೊತೆ ಜಗಳ. ನಾಲ್ಕನೆಯ ಸಲ ಏರಿ ಕಲ್ಲು ನಿಂತಿತೆಂದರೆ ಜಗಲಿಯಲ್ಲಿ ಎಲ್ಲರ ಕಣ್ಣೂ ಹುರಿಯ ಮೇಲಿರುತ್ತಿತ್ತು. ಐದನೆಯ ಸಲ ಏರಿದ ಕೂಡಲೇ ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದರು.

ಆ ವರ್ಷದ ಮಳೆಗೆ ತೋಟಕ್ಕೂ ರಸ್ತೆಗೂ ನಡುವಿನ ಹೊಳೆ ನಮ್ಮ ಕಾಲುಸಂಕವನ್ನು, ಅಂದರೆ ನಡೆದು ದಾಟುವ ಸೇತುವೆಯನ್ನು, ಕೊಂಡುಹೋಗಿತ್ತು. ಶಾಲೆ ಆಚೆ ದಡದಲ್ಲಿ. ಮೂರು ಮೈಲಿ ಸುತ್ತಿ ಹೋಗಬೇಕು. ಸಂಕ ಕೇಳಿ ವಾರಕ್ಕೊಂದು ಕಾಗದ ಬೆಂಗಳೂರಿಗೆ ಹೋಗುತ್ತಿತ್ತು. ಬರೆದುಕೊಡುವವನು ನಾನು. ನನ್ನ ಇಂಗ್ಲಿಷಿನಲ್ಲಿ ಮೊದಲ ವಾಕ್ಯ ಮುಗಿಯುವಾಗ ಕಲ್ಲು ಏಳು ಸಲ ಏರಿರುತ್ತಿತ್ತು.

ಕಾಫಿ ಹಣ್ಣಿನ ಪಿಕ್ಕಿಂಗಿಗೆ ಬರುತ್ತಿದ್ದ ಒಬ್ಬಳು ಅಜ್ಜಿ ಒಂದು ದಿನ ಎಣಿಸುತ್ತ ಕೂತಿದ್ದಳು. ಮೂವತ್ತೆರಡಕ್ಕೆ ಎದ್ದು ಕಿಟಕಿಯಲ್ಲಿ ಇಣುಕಿದಳು.

"ಸಂಕದ ಕಾಗದವಾ ಸಾಮಿ?"

"ಹೌದು."

"ಓದೋರಿಗೆ ಬುತ್ತಿ ಕಟ್ಟಿ ಕಳಿಸ್ತೀರಾ?"

ಮೈಸೂರಿನ ಮೆಕ್ಯಾನಿಕ್

ಏಳು ಕಾಗದ ಹೋದರೂ ಉತ್ತರ ಇಲ್ಲ. ನಮ್ಮ ಧಣಿಗೆ ಅನುಮಾನ ಬಂದದ್ದು ಸರ್ಕಾರದ ಮೇಲಲ್ಲ, ನನ್ನ ಇಂಗ್ಲಿಷಿನ ಮೇಲೂ ಅಲ್ಲ, ಯಂತ್ರದ ಮೇಲೆ. ಅವರು ಮನೆಯಲ್ಲಿ ಅರೆಭಾಷೆ ಆಡುವ ಗೌಡರು, ತೋಟ ಬಲ್ಲವರು. "ಅಕ್ಷರ ಮೇಲೆ ಕೆಳಗೆ ಕುಣೀತದೆ. ಇಂಥ ಕಾಗದ ನೋಡಿದ್ರೆ ನಾನೇ ಉತ್ರ ಕೊಡುದಿಲ್ಲ," ಎಂದರು. ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ ಎಂದು ಹೇಳಲು ಮೈಸೂರಿನಿಂದ ಮೆಕ್ಯಾನಿಕ್‌ನನ್ನು ಕರೆಸಿದರು. ಅವನು ಹೊಸ ಯಂತ್ರಗಳನ್ನೂ ಮಾರುತ್ತಿದ್ದ.

ಅವನು ಬರುವ ಮೊದಲೇ ಧಣಿ ಒಂದು ಮಾತು ಹೇಳಿಟ್ಟಿದ್ದರು. "ಹೊಸ ಮಿಷನ್ ಬಂದ್ರೆ ಅದಕ್ಕೆ ಬಿ.ಎ. ಕೂರಲಿ, ಹತ್ತು ಬೆರಳಿನವ. ರೈಟರೇ, ನೀವು ಕಾಫಿ ಕಣ ನೋಡಿಕೊಳ್ಳಿ."

ದೊಡ್ಡ ರೈಟರಿಗೆ ದಮ್ಮು. ಕಾಫಿ ಒಣಗಿಸುವ ಕಣದಲ್ಲಿ ಎದ್ದ ಧೂಳಿಗೆ ಒಳ್ಳೆಯ ಎದೆಯವರೇ ಕೆಮ್ಮುತ್ತಾರೆ. ಅವರು ಒಂದು ಸೀಸನ್ ತಾಳುವುದು ಕಷ್ಟ ಎಂಬುದು ನನಗೂ ಗೊತ್ತಿತ್ತು. "ಆಗಬಹುದು ಧಣಿ," ಎಂದಷ್ಟೇ ಹೇಳಿ ಯಂತ್ರಕ್ಕೆ ಎಣ್ಣೆ ಬಿಟ್ಟರು.

ಮೆಕ್ಯಾನಿಕ್ ಯಂತ್ರವನ್ನು ಬಿಚ್ಚಿ ಹಾಸಿದ. ಸ್ಪ್ರಿಂಗ್ ಇಲ್ಲ, ರೋಲರ್ ಸವೆದಿದೆ, ಗಂಟೆ ಬಡಿಯುವುದಿಲ್ಲ. ರಿಪೇರಿಗೆ ಹೊಸದರ ಮುಕ್ಕಾಲು ಪಾಲು ಬೀಳುತ್ತದೆ. ಅಷ್ಟು ಹೇಳಿ, ಹುರಿ ಎಲ್ಲಿಗೆ ಹೋಗುತ್ತದೆಂದು ನೋಡಲು ಜಗಲಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಯಂತ್ರವನ್ನು ಮತ್ತೆ ಜೋಡಿಸಿ ದೊಡ್ಡ ರೈಟರಿಂದ ಒಂದು ಪುಟ ಟೈಪ್ ಮಾಡಿಸಿದ, ಹೊರಗೆ ನಿಂತು ನೋಡಿದ. ಇನ್ನೊಂದು ಪುಟ ಮಾಡಿಸಿದ. ಕೊನೆಗೆ ತನ್ನ ನೋಟ್‌ಬುಕ್ಕಿನಲ್ಲಿ ಉರುಳೆ, ಹುರಿ, ಕಲ್ಲು ಎಲ್ಲದರ ಚಿತ್ರ ಬರೆದುಕೊಂಡ.

"ನಾನು ಹೊಸ ಸ್ಪ್ರಿಂಗ್ ಹಾಕ್ತೀನಿ, ಐದು ವರ್ಷಕ್ಕೆ ಮುರಿಯುತ್ತೆ," ಎಂದ. "ಇದು ಏನು ಮಾಡಿದ್ರೂ ಮುರಿಯಲ್ಲ. ಯಾರು ಸ್ವಾಮಿ ಕಲಿಸಿದ್ದು?"

"ಬಾವಿ," ಎಂದರು ದೊಡ್ಡ ರೈಟರ್.

ಧಣಿಗೆ ತಾಳ್ಮೆ ಮುಗಿದಿತ್ತು. "ನಾನೀಗ ಎಂಥ ಮಾಡ್ಬೇಕು, ಅದು ಹೇಳು."

"ಹೊಸದು ತಗೊಳ್ಳಿ," ಎಂದ ಮೆಕ್ಯಾನಿಕ್. "ಇದನ್ನ ನನಗೆ ಕೊಡಿ."

ಕೋವಿಯ ಪಕ್ಕ

ತೀರ್ಮಾನ ಕೈಲ್ ಮುಹೂರ್ತ ಕಳೆದ ಮೇಲೆ ಎಂದು ಧಣಿ ಹೇಳಿದರು. ಅದು ನಮ್ಮಲ್ಲಿ ಆಯುಧಗಳ ಹಬ್ಬ. ಕೋವಿ, ಕತ್ತಿಗಳನ್ನು ಒರೆಸಿ, ತೋಕೆ ಹೂವಿಟ್ಟು ಪೂಜೆ ಮಾಡುತ್ತಾರೆ. ಪೂಜೆ ಮುಗಿಯುವ ತನಕ ಮುಟ್ಟುವ ಹಾಗಿಲ್ಲ. ಆ ವರ್ಷ ಧಣಿ ಟೈಪ್‌ರೈಟರನ್ನೂ ಇಡಿಸಿದರು. ಮಾರಾಟಕ್ಕೆ ಹೋಗುವ ಎತ್ತಿಗೂ ಒಂದು ಸಲ ಹೂ ಮುಡಿಸುತ್ತಾರಲ್ಲ, ಹಾಗೆ. ಎರಡು ಜೋಡಿನಳಿಗೆ ಕೋವಿಗಳ ಮಧ್ಯೆ ಅದು ಕೂತಿತ್ತು. ಕಲ್ಲಿಗೂ ಗಂಧ ಹಚ್ಚಿದ್ದರು.

ನಾನು ಪ್ರಶ್ನೆ ಎತ್ತಿದೆ. "ಇದು ಆಯುಧ ಹೇಗಾಗುತ್ತೆ?"

ಪ್ರಸಾದಕ್ಕೆ ಬಂದಿದ್ದ ಅದೇ ಅಜ್ಜಿ ನನ್ನ ಮುಖ ನೋಡಿದಳು. "ಕೋವಿ ಹಿಡಿದು ಇವರು ಹತ್ತು ವರ್ಷದಲ್ಲಿ ಹೊಡೆದದ್ದು ಒಂದು ಹಂದಿ. ಇದು ಹೋದ ವರ್ಷ ಒಂದೇ ದಿನ ನಮ್ಮ ಲೈನಲ್ಲಿ ಮೂರು ಮನೆ ಖಾಲಿ ಮಾಡ್ತು. ಯಾವುದಕ್ಕೆ ದೊಡ್ಡ ಹೂ ಇಡಬೇಕು, ನೀವೇ ಹೇಳಿ."

ಕಾನೂನು

ಹಬ್ಬ ಕಳೆದ ವಾರವೇ ಅಳತೆ ತೂಕದ ಇನ್‌ಸ್ಪೆಕ್ಟರ್ ಬಂದರು. ಸೇರು, ಪೌಂಡು ಎಲ್ಲ ಹೋಗಿ ಕಿಲೋ ಬರುತ್ತಿದ್ದ ಕಾಲ. ಹೊಳೆ ಸುತ್ತಿ ಮೂರು ಮೈಲಿ ನಡೆದು ಬಂದ ಕೋಪ ಮುಖದ ಮೇಲಿತ್ತು. ಉಗ್ರಾಣದ ಹಳೆಯ ಕಲ್ಲುಗಳನ್ನೆಲ್ಲ ಚೀಲಕ್ಕೆ ತುಂಬಿಸಿದರು. ಹೊರಡುವಾಗ ಜಗಲಿಯಲ್ಲಿ ತಾನಾಗಿ ಇಳಿಯುತ್ತಿದ್ದ ಎರಡು ಪೌಂಡು ಕಣ್ಣಿಗೆ ಬಿತ್ತು.

"ಇದರಲ್ಲಿ ಏನು ತೂಗುತ್ತೀರಿ?"

"ಏನೂ ತೂಗುದಿಲ್ಲ ಸಾರ್," ಎಂದರು ದೊಡ್ಡ ರೈಟರ್ ಕಿಟಕಿಯೊಳಗಿಂದ. "ಕಾಗದ ಬರೀತದೆ."

ಇನ್‌ಸ್ಪೆಕ್ಟರ್ ಒಳಗೆ ಬಂದು ನೋಡಿದರು, ಹೊರಗೆ ಹೋಗಿ ನೋಡಿದರು. ಅವರ ಪುಸ್ತಕದಲ್ಲಿ ಕಾಗದ ಬರೆಯುವ ಕಲ್ಲಿಗೆ ವಿನಾಯಿತಿ ಇರಲಿಲ್ಲ. ಹುರಿ ಬಿಚ್ಚಿ ಕಲ್ಲು ತೆಗೆದುಕೊಂಡರು. ಹೊರಗೆ ಕೂತಿದ್ದವರು, ಬೆಂಗಳೂರಿನವರು ಆಫೀಸಿನ ನಾಲಗೆ ಕಿತ್ತುಕೊಂಡು ಹೋದರು ಎಂದು ಲೈನ್‌ಗೆಲ್ಲ ಹೇಳಿದರು.

ಮುದ್ರೆಯಿದ್ದ ಹೊಸ ಕಲ್ಲು ತರಲು ನಾನು ಮಡಿಕೇರಿಗೆ ಹೋದೆ. ಅದನ್ನು ಮಾರುವ ಅಂಗಡಿ ಹುಡುಕಿ ಬರಲು ಎರಡು ದಿನ ಹಿಡಿಯಿತು. ಬಂದಾಗ ಧಣಿ ದೊಡ್ಡ ರೈಟರನ್ನು ಕೇಳುತ್ತಿದ್ದರು: "ಸಂಕದ ಕಾಗದ ಈ ವಾರ ತಪ್ಪಿ ಹೋಯ್ತಾ?"

"ಇಲ್ಲ ಧಣಿ. ಕಳಿಸಿದೆ."

ಧಣಿ ತಲೆದೂಗಿದರು. ನಾನು ಕಿಲೋ ಕಲ್ಲನ್ನು ಕಟ್ಟಿದೆ. ಎರಡು ಪೌಂಡಿಗಿಂತ ಕಿಲೋ ಹತ್ತರಲ್ಲಿ ಒಂದು ಪಾಲು ಹೆಚ್ಚು ಭಾರ. ಗಾಡಿ ಈಗ ಮುಗ್ಗರಿಸದೆ ಸರಿಯತೊಡಗಿತು. ಅಕ್ಷರಗಳ ಕುಣಿತವೂ ಸ್ವಲ್ಪ ಕಡಿಮೆಯಾಯಿತು. ಧಣಿ ಗಡಿಯಾರ ಹಿಡಿದು ನೋಡಿದರು, ಪುಟ ಮೊದಲಿಗಿಂತ ಬೇಗ ಮುಗಿಯುತ್ತಿತ್ತು. ಸರ್ಕಾರವೇ ಬಂದು ನಮ್ಮ ಯಂತ್ರವನ್ನು ಸುಧಾರಿಸಿ ಹೋದದ್ದು ಅದೊಂದೇ ಸಲ.

ಆದರೂ ಧಣಿ ಮನಸ್ಸು ಬದಲಿಸಲಿಲ್ಲ. "ಇನ್ನೆರಡು ಕಾಗದ ನೋಡುವ. ತಿಂಗಳ ಕೊನೆಗೆ ಉತ್ರ ಬರದಿದ್ರೆ ಹೊಸದಕ್ಕೆ ಬರೆಯುದೇ." ದೊಡ್ಡ ರೈಟರ್ ಅಂದಿನಿಂದ ಕಣದ ದಾರಿಯಲ್ಲಿ ಓಡಾಡುವುದನ್ನು ಅಭ್ಯಾಸ ಮಾಡಿದರು, ಮೂಗಿಗೆ ವಸ್ತ್ರ ಕಟ್ಟಿಕೊಂಡು. ಅದನ್ನು ನೋಡಿದ ಮೇಲೆ ನನಗೆ ಆ ಕುರ್ಚಿಯ ಆಸೆ ಅಷ್ಟಾಗಿ ಉಳಿಯಲಿಲ್ಲ.

ಉತ್ತರ

ತಿಂಗಳು ಮುಗಿಯಲು ನಾಲ್ಕು ದಿನ ಇರುವಾಗ ಉತ್ತರ ಬಂತು. ಸಂಕ ಮಂಜೂರಾಗಿದೆ, ಓವರ್‌ಸಿಯರ್ ಬಂದು ಜಾಗ ನೋಡುತ್ತಾರೆ.

ಧಣಿ ಕಾಗದ ಹಿಡಿದು ಆಫೀಸಿಗೆ ಓಡಿ ಬಂದರು. ಅವರು ಓಡಿದ್ದನ್ನು ನಾನು ಮೊದಲು ನೋಡಿದ್ದು ಆನೆ ಬಂದಾಗ. "ನೋಡಿದೆಯಾ ಬಿ.ಎ.? ಪೌಂಡಿಗೆ ಬಗ್ಗದ ಸರ್ಕಾರ ಕಿಲೋಗೆ ಬಗ್ಗಿತು! ಹೊಸ ಮಿಷನ್ ಯಾರಿಗೆ ಬೇಕು? ರೈಟರೇ, ನೀವು ಅಲ್ಲಿಂದ ಏಳಬೇಡಿ. ಕಣಕ್ಕೆ ಈ ಬಿ.ಎ. ಹೋಗಲಿ, ಎದೆ ಗಟ್ಟಿ ಉಂಟು." ಕಿಟಕಿಯಿಂದ ಕೈ ಹಾಕಿ ಕಲ್ಲನ್ನು ಎರಡು ಸಲ ತಟ್ಟಿ ಹೋದರು.

ಕಣಕ್ಕೆ ಹೋಗುವ ಮುಂಚೆ ಫೈಲು ಮಾಡಲು ಕೂತೆ. 'ನಿಮ್ಮ ಇಂಥ ತಾರೀಖಿನ ಕಾಗದಕ್ಕೆ' ಎಂದು ಉತ್ತರದಲ್ಲಿತ್ತು. ಆ ತಾರೀಖಿನ ಕಾರ್ಬನ್ ಪ್ರತಿ ಸಿಗಲಿಲ್ಲ. ಮತ್ತೆ ತಾರೀಖು ನೋಡಿದೆ. ಆ ದಿನ ನಾನು ಮಡಿಕೇರಿಯಲ್ಲಿ ಕಲ್ಲಿನ ಅಂಗಡಿ ಹುಡುಕುತ್ತಿದ್ದೆ. ಹಳೆಯ ಕಲ್ಲು ಇನ್‌ಸ್ಪೆಕ್ಟರರ ಚೀಲದಲ್ಲಿತ್ತು.

"ರೈಟರೇ, ಆ ವಾರದ ಕಾಗದದ ಪ್ರತಿ ಎಲ್ಲಿ?"

ಅವರು ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದುಕೊಟ್ಟರು. ಕನ್ನಡ, ಮುತ್ತಿನಂಥ ಅಕ್ಷರ. 'ಹೊಳೆ ಉಂಟು, ಸಂಕ ಇಲ್ಲ. ಶಾಲೆ ಆಚೆ ಉಂಟು, ಮಕ್ಕಳು ಈಚೆ ಇದ್ದಾರೆ. ಒಬ್ಬರು ಬಂದು ನೋಡಿದರೆ ಸಾಕು.' ಕೆಳಗೆ ಧಣಿಯ ಪರವಾಗಿ ರುಜು.

ನನ್ನ ಮೂವತ್ತೆರಡು ಸಾಲುಗಳಲ್ಲಿ ಮಕ್ಕಳು ಒಂದು ಕಡೆಯೂ ಬಂದಿರಲಿಲ್ಲ. ಮೈಸೂರಿನಲ್ಲಿ ನನಗೆ ಪಾಠ ಹೇಳಿದ ಯಾರಿಂದಲೂ ಇಂಥ ಮೂರು ವಾಕ್ಯ ಬರುತ್ತಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

"ಧಣಿಗೆ ಯಾಕೆ ಹೇಳಲಿಲ್ಲ?"

"ಕಾಗದ ಹೋಯ್ತಾ ಅಂತ ಕೇಳಿದ್ರು. ಹೋಗಿತ್ತು."

"ಈಗ ಹೇಳಲಾ?"

"ಹೇಳು ಮಾರಾಯ," ಎಂದು ಅವರು ಯಂತ್ರಕ್ಕೆ ಹೊಸ ಕಾಗದ ಸಿಕ್ಕಿಸಿದರು. "ನಾಳೆಯಿಂದ ಎಲ್ಲಾ ಕೈಯಲ್ಲೇ ಬರೀಬೇಕು ಅಂತಾರೆ. ನಿನ್ನ ಅಕ್ಷರ ನಾನು ನೋಡಿದ್ದೇನೆ."

ನಾನು ಹೇಳಲಿಲ್ಲ. ಫೈಲನ್ನು ಕಟ್ಟುವ ಮೊದಲು ಒಂದು ಸಲ ಎಣಿಸಿದೆ: ಟೈಪ್ ಮಾಡಿದ ಕಾಗದಗಳು ಒಂಬತ್ತು, ಅವುಗಳಿಗೆ ಬಂದ ಉತ್ತರ ಒಂದೂ ಇಲ್ಲ, ಕೈಯಲ್ಲಿ ಬರೆದದ್ದು ಒಂದು, ಅದಕ್ಕೆ ಬಂದ ಉತ್ತರ ಒಂದು.