ನಾನು ಕಳ್ಸೀನಿ ಅಂತ ಹೇಳ್ರಿ

ಬಂದ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸಿ, ಕಳಿಸಿದ್ದಕ್ಕೆ ಮೀಸೆ ತಿರುವುವ ವ್ಯಾಪಾರಿ ಇಡೀ ದಾವಣಗೆರೆಯಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ. ನಿಟ್ಟುವಳ್ಳಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ದಾರ ಕೇಳಿದವರಿಗೆ ದಾರದಂಗಡಿ, ಗುಂಡಿ ಕೇಳಿದವರಿಗೆ ಗುಂಡಿಯಂಗಡಿ ತೋರಿಸಿ, "ನಾನು ಕಳ್ಸೀನಿ ಅಂತ ಹೇಳ್ರಿ" ಎನ್ನುತ್ತಾರೆ. ಒಂದು ವಾರ ಡೈರಿಯಲ್ಲಿ ಗೀಟು ಹಾಕಿ ಎಣಿಸಿದೆ. ರಿಪೇರಿಗಿಂತ ಕಳಿಸಿದ್ದೇ ಹೆಚ್ಚು.

ರೆಡಿಮೇಡ್ ಬಟ್ಟೆ ಬಂದು ರಿಪೇರಿ ಇಳಿದಾಗ ಅತ್ತೆ ಗಡುವು ಕೊಟ್ಟರು: "ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ರೆ ಬಾಗ್ಲು ಹಾಕ್ರಿ. ಹರಿಹರದಾಗ ನಮ್ಮಣ್ಣನ ಬೀಜದಂಗಡಿ ಗಲ್ಲಾದ ಮ್ಯಾಲೆ ಕೂಡ್ರಿ."

ಮಾವ ಅಷ್ಟಕ್ಕೆ ಬಗ್ಗುವ ಆಸಾಮಿಯೇ? ಆಗಷ್ಟೇ ಊರಿಗೆ ಸೈಬರ್ ಕೆಫೆ ಬಂದಿತ್ತು. ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. "ಅಳಿಯಾ, ಇಂಟರ್‌ನೆಟ್ಟಿನಾಗ ನಂದೊಂದು ಪುಟ ಮಾಡು. ಹಳೇ ಯಂತ್ರ ಇರೋರು ಹುಡುಕಿದ್ರೆ ಮೊದ್ಲು ನಾನೇ ಸಿಗ್ಬೇಕು" ಎಂದರು.

ಪುಟವಾಯಿತು. ಬೇರೆ ಪುಟಗಳಿಗೆ ಒಳ್ಳೆಯ ಲಿಂಕ್ ಕೊಟ್ಟರೆ ನಮ್ಮದಕ್ಕೂ ಬೆಲೆ ಬರುತ್ತದಂತೆ ಎಂದು ನಾನು ಹೇಳಿದ್ದೇ ತಡ, ಮಾವನಿಗೆ ಹಬ್ಬ. ಕಳಿಸುವುದು ಅವರ ಹುಟ್ಟುಗುಣವಲ್ಲವೇ? ರೈಲಿನ ವೇಳಾಪಟ್ಟಿ, ಕ್ರಿಕೆಟ್ ಸ್ಕೋರು, ಅಮೆರಿಕದ ಯಾವುದೋ ಮೃಗಾಲಯ, ಎಲ್ಲಕ್ಕೂ ಲಿಂಕ್ ಹಾಕಿಸಿದರು. ಒಂದೊಂದರ ಕೆಳಗೂ ಇಂಗ್ಲಿಷಿನಲ್ಲಿ "ನಾನು ಕಳಿಸಿದ್ದೇನೆಂದು ಹೇಳಿ" ಎಂಬ ಸಾಲು ಬೇರೆ! ಹುಡುಕಿ ನೋಡಿದರೆ ಹತ್ತನೇ ಪುಟದವರೆಗೂ ನಮ್ಮ ಸುಳಿವಿಲ್ಲ.

"ಮೃಗಾಲಯ ಯಾಕೆ ಮಾವ?"

"ಹುಡುಗ್ರು ಬಂದ್ರೆ ಆನೆ ನೋಡ್ಲಿ ಬಿಡೋ."

"ಯಂತ್ರ ತರೋರೂ ಆನೆ ನೋಡ್ಕೊಂಡು ಹಂಗೇ ಹೋಗ್ತಾರೆ."

ಮಾವ ಗಲ್ಲ ಕೆರೆದುಕೊಂಡರು. "ಆನೆ ತೆಗಿ. ಗೊತ್ತಿಲ್ಲದೋರ ಅಂಗಡಿಗೆ ನಾ ಯಾವತ್ತಾರ ಗಿರಾಕಿ ಕಳ್ಸೀನಾ?"

ಅಲ್ಲಿಂದ ಪರೀಕ್ಷೆ ಶುರು. ಹೊಲಿಗೆ ಯಂತ್ರದ ಬಗ್ಗೆ ಪುಟ ಇಟ್ಟವರಿಗೆಲ್ಲ ಈಮೇಲ್: ಹಳೇ ಯಂತ್ರ ಹೊಲಿಗೆ ಬಿಟ್ಟು ಬಿಟ್ಟು ಹೊಲಿದರೆ ಏನು ಮಾಡಬೇಕು? "ಹೊಸದು ಕೊಳ್ಳಿ" ಎಂದವನನ್ನು ಆ ಕ್ಷಣವೇ ಕಿತ್ತುಹಾಕಿಸಿದರು. ಇಂಗ್ಲೆಂಡಿನ ಮುದುಕರೊಬ್ಬರು ಚಿತ್ರ ಸಮೇತ ಉದ್ದದ ಉತ್ತರ ಕಳಿಸಿದರು. "ಇವ್ರು ನಮ್ಮ ಮಂದಿ" ಎಂದು ಮಾವ ಬೀಗರ ಸಂಬಂಧ ಕುದುರಿದಷ್ಟು ಹಿಗ್ಗಿದರು. ಕೊನೆಗೆ ಉಳಿದ ಲಿಂಕುಗಳು ಒಂದು ಕೈಯ ಬೆರಳಲ್ಲಿ ಎಣಿಸುವಷ್ಟೇ. ಅಲ್ಲಿ ಏನು ಸಿಗುತ್ತದೆಂದು ಪ್ರತಿಯೊಂದರ ಪಕ್ಕವೂ ಬರೆಸಿದರು. ಸೋಮವಾರ ಸೋಮವಾರ ನಾನು ಒತ್ತಿ ನೋಡಬೇಕು. ಬಾಗಿಲು ಹಾಕಿದ ಅಂಗಡಿಗೆ ಜನರನ್ನು ಕಳಿಸಬಾರದಲ್ಲ!

ಉಳಿದವುಗಳಲ್ಲಿ ಹೊಲಿಗೆ ಯಂತ್ರದ ಮೋಟಾರು ರಿಪೇರಿ ಮಾಡುವ ಹರಿಹರದವನ ಪುಟವೂ ಒಂದು. ಅತ್ತೆ ಸಿಡಿದರು: "ಗಿರಾಕಿನ ಹೊಳೆ ದಂಡಿಗೆ ಓಡಿಸ್ತೀರಲ್ಲ, ತಲಿ ನೆಟ್ಟಗೈತಾ?"

"ನಂಗೆ ಮೋಟಾರು ಬರಲ್ಲ. ಬರಲ್ಲ ಅಂದು ಸುಮ್ನೆ ಕಳಿಸಿದ್ರೆ ಆತೇನು? ಬರೋರು ಎಲ್ಲದಾರೆ ಅಂತ ಹೇಳ್ಬೇಕು."

ದೀಪಾವಳಿಗೆ ಮುಂಚೆ ಒಂದು ಸೋಮವಾರ ಹುಡುಕಿದರೆ ನಾವು ಮೊದಲ ಪುಟದಲ್ಲಿದ್ದೆವು. ಇಂಗ್ಲೆಂಡಿನ ಮುದುಕರೂ ತಮ್ಮ ಪುಟದಲ್ಲಿ ನಮ್ಮ ಲಿಂಕ್ ಹಾಕಿದ್ದರು. ಮಾವ ನಂಬದೆ ಮತ್ತೆ ಮತ್ತೆ ಹುಡುಕಿಸಿದರು.

ಅದೇ ವಾರ ಪುಟ ನೋಡಿ ಶಿವಮೊಗ್ಗದಿಂದ ಒಬ್ಬರು ಬಂದರು. ಕೈಯಿಂದ ತಿರುಗಿಸುವ ಯಂತ್ರ, ಒಳಗೆ ಕೆಳದಾರ ಒಯ್ಯುವ ಶಟಲ್ ಮುರಿದಿತ್ತು. ಅದನ್ನು ಈಗ ಯಾರೂ ತಯಾರಿಸುವುದಿಲ್ಲ. ನಮ್ಮ ಲಿಂಕಿನವರನ್ನೆಲ್ಲ ಕೇಳಿದೆವು. ಯಾರಲ್ಲೂ ಇರಲಿಲ್ಲ.

"ಇದಿಲ್ದಿದ್ರೆ ನಮ್ಮವ್ವನಿಗೆ ದಿನ ಹೋಗಲ್ಲ. ಇನ್ನೆಲ್ಲಿ ಸಿಕ್ತೈತೆ ಹೇಳ್ರಿ?" ಎಂದರು ಬಂದವರು.

ಮಾವ ಅಂಗಡಿಯ ಹಿಂದಿನ ಮನೆಗೆ ನಡೆದರು. ಅಲ್ಲಿಂದ ಅಜ್ಜಿಯ ಯಂತ್ರವನ್ನು ಹೊತ್ತು ತಂದರು. ಅದೇ ತಯಾರಿಕೆಯದು. ಅಜ್ಜಿ ಊರವರ ರವಿಕೆ ಹೊಲಿದು ಮಾವನನ್ನೂ ನನ್ನ ಅಮ್ಮನನ್ನೂ ಸಾಕಿದ್ದು ಅದರಲ್ಲೇ. ಅಜ್ಜಿ ಹೋದ ಮೇಲೆ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಅದನ್ನು ಮಗ್ಗುಲಾಗಿ ಮಲಗಿಸಿ, ಅದರ ಶಟಲ್ ಬಿಚ್ಚಲು ಸ್ಕ್ರೂಡ್ರೈವರ್ ಹಿಡಿದರು.

ಅತ್ತೆ ಒಳಗಿಂದ ಎದ್ದು ಬಂದರು. ತಡೆಯುತ್ತಾರೆಂದುಕೊಂಡೆ.

"ಹರಿಹರಕ್ಕೆ ಹೋಗೋದು ಬ್ಯಾಡ ಬಿಡ್ರಿ" ಎಂದು, ಯಂತ್ರ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.