ಚಿತ್ರ ತೆಗೆಸಿದ ಮಾಷ್ಟ್ರು

ಎಲ್ಲಾ ರಗಳೆಗೂ ಕಾರಣ ಒಂದು ಫೋನು. ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುವ ಹೊತ್ತಿಗೆ, ಕೊಡ್ಲುಬೈಲು ಹೈಸ್ಕೂಲಿನ ಡ್ರಾಯಿಂಗ್ ಮಾಷ್ಟ್ರು ರಾಜೇಂದ್ರನ ಕಿಸೆಯಲ್ಲಿ ಅದು ಗುರ್ರೆಂದಿತು. ಆ ಕಡೆ ಹೆಡ್‌ಮಿಸ್ ಹಂಚಿನಾಳ ಮೇಡಂ. ಧಾರವಾಡದ ಕಡೆಯವರು, ಇಲ್ಲಿಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಅವತ್ತು ಉಡುಪಿಯಲ್ಲಿ ಮೀಟಿಂಗಿಗೆ ಕೂತಿದ್ದರು.

"ಸರ, ನಾಳೆ ದೊಡ್ಡ ಸಾಹೇಬ್ರು ನಮ್ಮ ಸಾಲಿ ನೋಡಾಕ ಬರ್ತಾರ. ಹೊರಗಿನ ಗ್ವಾಡಿ ಮ್ಯಾಲ ಚಿತ್ರ ತಗಸ್ರಿ. ಒಂದ್ ಮೂಲಿನೂ ಬಿಡಬ್ಯಾಡ್ರಿ. ಹುಡುಗ್ರ ಕಡೆಯಿಂದನ ತಗಸ್ರಿ, ಸಾಹೇಬ್ರು ಖುಷಿ ಆಗ್ತಾರ. ಒಂಬತ್ತನೇದವ್ರಿಗೆ ಇವತ್ತ ಬ್ಯಾರೆ ಪಾಠ ಬ್ಯಾಡ, ಪೂರ್ತಿ ದಿನಾ ನಿಮಗ."

ಫೋನು ಕಟ್ಟಾಯಿತು. ಗೋಡೆಯ ಮೇಲಿನ ಚಿತ್ರ ಅಳಿಸಿಹಾಕುವುದೇ? ರಾಜೇಂದ್ರ ಫೋನು ಹಿಡಿದೇ ಗೋಡೆಯ ಕಡೆ ನೋಡಿದ.

ಆ ಚಿತ್ರವೆಂದರೆ ಅವನ ಪ್ರಾಣ. ಸರ್ವಿಸಿಗೆ ಸೇರಿದಲ್ಲಿಂದ ಅವನ ಪೀರಿಯಡ್ಡು ಗಣಿತದ ಸುಗಂಧಿ ಟೀಚರ ಪಾಲಿಗೆ ಎಲೆಯ ಬದಿಯ ಉಪ್ಪಿನಕಾಯಿ, ಬೇಕೆಂದಾಗ ಬೆರಳದ್ದಬಹುದು. ಈ ವರ್ಷ ಕಾಡಿ ಬೇಡಿ ಉಳಿಸಿಕೊಂಡ ಪೀರಿಯಡ್ಡುಗಳಲ್ಲಿ ಒಂಬತ್ತನೇ ಕ್ಲಾಸಿನವರು ರಸ್ತೆ ಬದಿಯ ಗೋಡೆಯ ಅರ್ಧಕ್ಕೆ ಊರನ್ನೇ ಬರೆದಿದ್ದರು. ಸಿದ್ದಾಪುರದ ಬಸ್ಸು, ಬಾಗಿಲಲ್ಲಿ ನೇತಾಡುವ ಜನ, ಬಿಸಿಯೂಟದ ಅಕ್ಕು, ಎದುರಂಗಡಿಯ ಚಂದಯ್ಯ ತನ್ನ ಹೊಟ್ಟೆ ಸಮೇತ. ಪೆನ್ಸಿಲ್ ಹಿಡಿಯಲು ಹೆದರುತ್ತಿದ್ದ ಮಕ್ಕಳು ಈಗ ಏಣಿ ಹತ್ತಿ ಬ್ರಷ್ ಬೀಸುತ್ತಿದ್ದರು. ಇನ್ನರ್ಧ ಗೋಡೆ ಬಾಕಿ ಇತ್ತು.

ವಿಷಯ ಕೇಳಿ ಸುಗಂಧಿ ಟೀಚರ್ ಕನ್ನಡಕ ಸರಿಮಾಡಿಕೊಂಡರು. "ನಂಗ್ ಮೊದ್ಲೇ ಗೊತ್ತಿತ್ತ್. ಗಣಿತ ಬಿಟ್ಟಾದ್ರೂ ತೆಗ್ಸಿ ಅಂದ್ರೆ ಎಂತ ಅರ್ಥ? ಇವತ್ ಚಿತ್ರ ತೆಗಿತ್ರ್, ನಾಳೆ ಚಿತ್ರದ ಪೀರಿಯಡ್ಡೇ ತೆಗಿತ್ರ್."

ರಾಜೇಂದ್ರ ತಿರುಗಿ ಫೋನು ಮಾಡಿದ. ಸ್ವಿಚ್ ಆಫ್. ಮಕ್ಕಳ ಕೈಯಿಂದಲೇ ತೆಗೆಸಬೇಕಂತೆ, ಗಾಯದ ಮೇಲೆ ಬರೆ! ಆದರೆ ಹೆಡ್‌ಮಿಸ್ಸಿನ ಮಾತು ಮೀರಿದರೆ ಇರುವ ಪೀರಿಯಡ್ಡಿಗೂ ಸಂಚಕಾರ. ಮಕ್ಕಳನ್ನು ಗೋಡೆಯ ಎದುರು ಕರೆದು, ಬರೆದದ್ದನ್ನೆಲ್ಲ ತೆಗೆಯಬೇಕೆಂದು ಹೇಳಿದ.

"ನಾವ್ ಚಂದ ಬರಿಲಿಲ್ಯಾ ಸರ್?" ಎಂದಳು ಸೌಮ್ಯಶ್ರೀ. ಬಸ್ಸು ಬರೆದವಳು ಅವಳೇ.

"ಚಂದ ಇತ್ತ್ ಮಗಾ. ಅದ್ಕೇ ಬೇಜಾರ್" ಎಂದು ಅವನು ಆ ಕಡೆ ತಿರುಗಿದ.

ಸೋಪು ನೀರಿಗೆ ಬಣ್ಣ ಹೋಗಲಿಲ್ಲ, ಊರೂರು ತಿರುಗಿತು. ಬಸ್ಸಿನ ಕೆಂಪು ಇಳಿದು ಚಂದಯ್ಯನ ಮೀಸೆಗೆ ಬಂತು. ಅಸಲು ಚಂದಯ್ಯ ಅಂಗಡಿ ಬಿಟ್ಟು ಓಡಿ ಬಂದ.

"ಹ್ವಾಯ್ ಮಾಷ್ಟ್ರೇ! ನನ್ ಮೊಕಕ್ಕೆ ಎಂತ ಮಾಡ್ತಿದ್ರಿ?"

"ತೆಗಿತಿದ್ದೆ. ಹೊಟ್ಟಿ ದೊಡ್ಡದಾಯ್ತ್ ಅಂತ ಜಗಳಕ್ಕೆ ಬಂದದ್ದ್ ನೀವೇ ಅಲ್ದಾ?"

"ಹೊಟ್ಟಿ ಸಣ್ಣ ಮಾಡಿ ಅಂದದ್ದ್ ಹೌದ್. ಮನ್ಷನ್ನೇ ತೆಗೀರಿ ಅಂದದ್ದಾ? ಬಸ್ಸಿಗ್ ಕಾಯುವರೆಲ್ಲ ಇದನ್ ಕಂಡೇ ನನ್ ಅಂಗಡಿಗ್ ಬಪ್ದ್!"

ಗಲಾಟೆ ಕೇಳಿ ಅಕ್ಕು ಸೌಟು ಹಿಡಿದೇ ಹೊರಬಂದಳು. ತನ್ನ ಚಿತ್ರದ ಮುಂದೆ ಕೈ ಅಗಲಿಸಿ ನಿಂತಳು. "ನನ್ ಅಳ್ಸಿರೆ ಇವತ್ ಸಾರಿಗೆ ಉಪ್ಪ್ ಹಾಕುದಿಲ್ಲೆ, ಕಾಣಿ!"

ಅಷ್ಟರಲ್ಲಿ ಸಿದ್ದಾಪುರದ ಬಸ್ಸು ಬಂತು. ತನ್ನ ಗಾಡಿಯ ಚಿತ್ರ ಕರಗಿದ್ದು ಕಂಡು ಡ್ರೈವರ್ ಬ್ರೇಕ್ ಹಾಕಿದ. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ, ಸೀಮೆಎಣ್ಣೆ ಹಾಕಿ ಅಂತ ಒಬ್ಬರು, ಸುಣ್ಣ ಹೊಡೀರಿ ಅಂತ ಒಬ್ಬರು, ಕೇಳದಿದ್ದರೂ ಸಲಹೆ ಕೊಟ್ಟರು. ಆದರೆ ಇಷ್ಟು ದಿನ ಈ ಚಿತ್ರವನ್ನು ಆಡಿಕೊಂಡು ನಗುತ್ತಿದ್ದ ಊರಿನವರು ಇವತ್ತು ಅದರ ಪರವಾಗಿ ನಿಂತಿದ್ದರು. "ಮೇಲಿನ ಆರ್ಡರ್ ಮಾರಾಯ್ರೆ, ನಾನೆಂತ ಮಾಡುದ್?" ಎಂದು ರಾಜೇಂದ್ರ ಕೈಮುಗಿದ.

ಕಡೆಗೆ ಸುಣ್ಣವೇ ಗತಿಯಾಯಿತು. ಅಕ್ಕುವಿನ ಮುಖಕ್ಕೆ ಸುಣ್ಣ ಬಳಿಯಲು ಒಬ್ಬ ಹುಡುಗನೂ ಒಪ್ಪಲಿಲ್ಲ. ರಾಜೇಂದ್ರ ತಾನೇ ಕಣ್ಣು ಮುಚ್ಚಿ ಬಳಿದ. ಮಧ್ಯಾಹ್ನದ ಸಾರು ನಿಜಕ್ಕೂ ಸಪ್ಪೆಯಾಗಿತ್ತು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಜೀಪು ನಿಂತಿತು. ಸಾಹೇಬರು ನಾಳೆಯ ಭೇಟಿಯನ್ನು ಇವತ್ತಿಗೇ ಇಟ್ಟುಕೊಂಡಿದ್ದರು. ಅವರು ಫೋನಿನಲ್ಲಿ ಮಾತಾಡುತ್ತ ಕೂತಿದ್ದಾಗ ಮೇಡಂ ಮೊದಲು ಇಳಿದರು. ಗೋಡೆ ನೋಡಿದರು. ಅವರ ಮುಖ ಗೋಡೆಗಿಂತ ಬಿಳಿಯಾಯಿತು.

"ಸರ, ಚಿತ್ರ ಎಲ್ಲಿ?"

"ತೆಗೆಸಿದೆ ಮೇಡಂ. ಒಂದು ಮೂಲೆಯೂ ಬಿಡಲಿಲ್ಲ."

"ಅಯ್ಯ ಶಿವನ! ನಮ್ಮ ಕಡೆ ಚಿತ್ರ ತಗಿಯೂದಂದ್ರ ಬರಿಯೂದ್ರಿ! ಉಳಿದ ಅರ್ಧಾ ಗ್ವಾಡಿನೂ ತುಂಬಲಿ ಅಂತ ಪೂರ್ತಿ ದಿನಾ ಕೊಟ್ಟೆ. ಅದನ್ನ ಸಾಹೇಬ್ರಿಗೆ ತೋರಸಿ ನಿಮಗ ಇನ್ನೆರಡು ಪೀರಿಯಡ್ ಕೇಳಬೇಕಂತಿದ್ದೆ!"

ರಾಜೇಂದ್ರನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿ, ಅವನು ಕೇಳದೆಯೇ, ಒಬ್ಬರು ಚಿತ್ರಕ್ಕೆಂದು ಒಂದು ಇಡೀ ದಿನ ಕೊಟ್ಟಿದ್ದರು. ಅದನ್ನು ಅವನು ಸುಣ್ಣಕ್ಕೆ ಹಾಕಿದ್ದ.

"ನಾಳೆಯೇ ಸುರು ಮಾಡ್ತೇನೆ ಮೇಡಂ! ಮೊದಲಿಗಿಂತ ಚಂದ ಮಾಡಿಸ್ತೇನೆ!"

ಅಷ್ಟರಲ್ಲಿ ಸಾಹೇಬರು ಇಳಿದು ಬಂದರು. ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಭೇಷ್! ಯಾವ ಶಾಲೆಗೆ ಹೋದರೂ ಗೋಡೆ ತುಂಬ ಗೀಚಿಟ್ಟಿರುತ್ತಾರೆ. ಗೋಡೆ ಅಂದರೆ ಇದು! ಇದರ ಮೇಲೆ ಒಂದು ಗೆರೆ ಬೀಳಕೂಡದು. ಸುಣ್ಣ ಹೊಡೆಸಿದ್ದು ಯಾರು? ನೀವಾ? ಹಾಗಾದರೆ ಇವತ್ತಿನಿಂದಲೇ, ನಿಮ್ಮ ಪೀರಿಯಡ್ಡಿನಲ್ಲೂ, ನೀವೇ ಇದನ್ನು ಕಾಯಬೇಕು."

ಮೇಡಂ ಸಾಹೇಬರನ್ನು ಜೀಪಿನವರೆಗೆ ಹೋಗಿ ಕಳಿಸಿಕೊಟ್ಟರು.

ಜೀಪು ಹೋದ ಮೇಲೂ ರಾಜೇಂದ್ರ ಇಂಗು ತಿಂದ ಮಂಗನ ಹಾಗೆ ನಿಂತೇ ಇದ್ದ. ರಸ್ತೆಯಾಚೆಯಿಂದ ಚಂದಯ್ಯ ಕೂಗಿದ.

"ಹ್ವಾಯ್ ಮಾಷ್ಟ್ರೇ, ಅದ್ ಸಾಹೇಬ್ರ ಗ್ವಾಡೆ. ಇದ್ ನನ್ ಅಂಗಡಿ ಗ್ವಾಡೆ. ಇದ್ರ್ ಮೇಲೆ ಬರಿಯೂಕೆ ಯಾರ ಆರ್ಡರ್ ಬೇಕ್?"

ಮಕ್ಕಳು ಕೇಳಿದ್ದೇ ತಡ, ಬ್ರಷ್ಷು ಬಾಲ್ದಿ ಹಿಡಿದು ರಸ್ತೆ ದಾಟಿದರು. ರಾಜೇಂದ್ರನೂ ಒಂದು ಹೆಜ್ಜೆ ಇಟ್ಟ. ಕಾವಲಿನ ನೆನಪಾಗಿ ಅಲ್ಲೇ ನಿಂತ.

ಮೇಡಂ ಒಳಗಿನಿಂದ ತಾವೇ ಒಂದು ಕುರ್ಚಿ ಎತ್ತಿಕೊಂಡು ಬಂದರು. ಗೋಡೆಗೆ ಬೆನ್ನು ಮಾಡಿ, ಚಂದಯ್ಯನ ಅಂಗಡಿಯ ಕಡೆ ಮುಖಮಾಡಿ ಇಟ್ಟರು.

"ಕುಂದರ್ರಿ ಸರ. ಗ್ವಾಡಿ ಕಾಯ್ರಿ" ಎಂದರು.