ಮಾಮನ ನಾಲಿಗೆಯ ತೀರ್ಪು

ನಮ್ಮ ಮಾಮನ ನಾಲಿಗೆಯನ್ನು ಯಾವುದಾದರೂ ಪ್ರಯೋಗಾಲಯದವರು ಸಂಬಳ ಕೊಟ್ಟು ಇಟ್ಟುಕೊಳ್ಳಬೇಕಿತ್ತು! ಅವ್ವನ ತಮ್ಮನಾದ ಈತ ಯಾವುದನ್ನೂ ನೆಕ್ಕದೆ ನಂಬುವವನಲ್ಲ. ಹೊಲದ ಮಣ್ಣು ನೆಕ್ಕುತ್ತಾನೆ, ಹತ್ತಿ ಬೀಜ ಕಚ್ಚುತ್ತಾನೆ. ನೋಡಲು ಬಂದ ಗಂಡನ್ನು ನೆಕ್ಕುವ ಪದ್ಧತಿ ಇಲ್ಲದ್ದರಿಂದಲೇ ನನ್ನ ಮದುವೆ ತಡವಾಗಿದೆ ಎಂದು ನನ್ನ ಗುಮಾನಿ.

ಕಕ್ಕೇರಾದ ಮದುವೆಯೊಂದರಲ್ಲಿ ಸಾರು ಸೊರ್ರನೆ ಹೀರಿ, "ಉಪ್ಪೇ ಇಲ್ಲಲೋ!" ಎಂದ. ಅಡುಗೆಯವನು ಕೈಮುಗಿದ: "ಕಾಕಾ, ಇನ್ನ ಹಾಕಿದ್ರ ಬೀಗರು ಕೃಷ್ಣಾ ಹೊಳಿ ಕುಡದು ಬರಿದ್ ಮಾಡ್ತಾರ!" ಎಲ್ಲರೂ ನಕ್ಕೆವು.

ಶಹಾಪುರ, ಸುರಪುರದ ಕಡೆ ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಕೂಲಿಗೆ 'ಎಣ್ಣಿ' ಹೊಡೆಯುವುದು ಮಾಮನ ಕಸುಬು. ಹುಳ ಕೊಲ್ಲುವ ವಿಷಕ್ಕೆ ನಮ್ಮಲ್ಲಿ ಎಷ್ಟು ಮೆತ್ತನೆಯ ಹೆಸರು ನೋಡಿ! ಬೆನ್ನಿನ ಪಂಪಿನ ಮೂತಿ ಕಸ ಸಿಕ್ಕಿ ಕಟ್ಟಿಕೊಂಡರೆ ಅದಕ್ಕೇ ಬಾಯಿಟ್ಟು ಊದುತ್ತಾನೆ.

"ಮಾಮಾ, ಅದು ವಿಷ!"

"ಹುಳಕ್ಕ ವಿಷ. ನಾ ಏನ್ ಹುಳ ಇದ್ದೀನೇನು?"

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಅದರ ಸೊಕ್ಕು ನನಗಿದೆ. ದುಡಿದು ಗಳಿಸಿದ ಸೊಕ್ಕು, ಬಿಡುವುದಿಲ್ಲ. ಬೇವಿನೆಲೆಯ ಚೂರಿಗೆ ಸಕ್ಕರೆ, ಲವಣ ಉಣಿಸಿ, ಗಾಜಿನ ಬಾಟಲಿಯಲ್ಲೇ ಅದರ ಜೀವಕೋಶ ಬೆಳೆಸಿ, ಹುಳ ಓಡಿಸುವ ಕಹಿ ತೆಗೆಯುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಆ ರಸದ ಶೀಶೆಯನ್ನು ಮಾಮನ ಮುಂದಿಟ್ಟು, "ಇನ್ನ ಇದನ್ನ ಹೊಡಿ ಮಾಮಾ, ಆ ಎಣ್ಣಿ ಬಿಡು" ಎಂದೆ.

"ಸಕ್ಕರಿ ತಿನಿಸಿ ಬೇವು ಬೆಳಸ್ತಿ? ಬಾಟಲ್ಯಾಗ ಯುಗಾದಿ ಮಾಡಾಕತ್ತಿ ಏನ್ ಮಗಳ!" ಎಂದು ನಕ್ಕ. "ಆತು. ನನ್ನ ನಾಲಿಗಿಗ ಕಹಿ ಹತ್ತಿದ್ರ ಇವತ್ತಿಂದ ಎಣ್ಣಿ ಮುಟ್ಟಂಗಿಲ್ಲ."

ಬೆರಳು ಅದ್ದಿ ನೆಕ್ಕಿದ. "ಸಪ್ಪಗ ಅದ. ನಿನ್ನ ಡಿಗ್ರೀನೂ ಹಿಂಗ ಏನು?"

ನನಗೆ ಉರಿಯಿತು. ನಾನೂ ನೆಕ್ಕಿದೆ. ಗಂಟಲಿನವರೆಗೂ ಕಹಿ! ಅಂಗಳದ ಬೇವಿನ ಗಿಡದಿಂದ ಎಲೆ ಹರಿದು ತಂದು, "ಇದನ್ನ ತಿನ್ನು ನೋಡೂಣು" ಎಂದೆ.

ನಗುತ್ತಲೇ ಅಗಿದ. ಅಗಿಯುತ್ತಲೇ ಇದ್ದ. ನಗು ನಿಂತಿತು. ಎದ್ದು ಹೋಗಿ ತಾನೇ ಒಂದು ಹಿಡಿ ಎಲೆ ಹರಿದು ಬಾಯಿಗೆ ತುರುಕಿಕೊಂಡ. ಹಸಿರು ನೀರು ಗದ್ದಕ್ಕಿಳಿಯಿತು. ಮುಖ ಒಂದಿಷ್ಟೂ ಕಿವುಚಲಿಲ್ಲ.

"ನಿನಗ ಕಹಿ ಹತ್ತೇದೇನು?" ಎಂದ, ಮೆಲ್ಲಗೆ.

"ಹೂಂ ಮಾಮಾ."

"ಹಂಗಾರ ನೀನ ಗೆದ್ದಿ."

ಒಳಗೆ ಹೋಗಿ ಚರಿಗೆ ತುಂಬ ನೀರು ತಂದು ನನ್ನ ಕೈಗಿಟ್ಟ.

"ಬಾಯಿ ಮುಕ್ಕಳಿಸು ಮಗಳ. ಬೇವು ಭಾಳ ಕಹಿ ಇರ್ತದ."